ಕಾರ್ ಶೆಡ್ ಹಾಕುವವರ ಕೈಲಿ ಕುದುರೆಗೆ ಶೆಡ್ ಹಾಕಿಸಬೇಡಿ

ಹೊಲದಲ್ಲಿ ಕುದುರೆ ಬಿಟ್ಟುಕೊಂಡಿದ್ದೀರಾ? ಬೇಸಿಗೆ ಮಳೆ ಶುರುವಾಗೋ ಮುಂಚೆ ಒಂದು ಶೆಡ್ ಹಾಕಿಸೋಣ ಅಂತ ಯಾರಿಗಾದರೂ ಅಡ್ವಾನ್ಸ್ ಕೊಡಲು ಹೊರಟಿದ್ದೀರಾ? ಕೊಡುವ ಮುಂಚೆ ಇದನ್ನು ಓದಿ. ನಾನು ಕೊಟ್ಟಿದ್ದು 72,000 ರೂಪಾಯಿ. ಆ ಶೆಡ್ ನಿಂತಿದ್ದು ಒಂಬತ್ತು ವಾರ.

ನಮ್ಮದು ದೊಡ್ಡಬಳ್ಳಾಪುರದ ಕಡೆ ಎರಡೂವರೆ ಎಕರೆ ಜಾಗ. ಎರಡು ಕುದುರೆ ಇವೆ, ಎರಡೂ ರೇಸಿನಿಂದ ರಿಟೈರ್ ಆದವು. ಗೌರಿಗೆ 14 ವರ್ಷ. ಭೀಮ ಅವಳಿಗಿಂತ ಚಿಕ್ಕವನು, ಆದರೆ ಯಜಮಾನಿಕೆ ಎಲ್ಲ ಅವನದೇ. ಮೊದಲು ಹುಲ್ಲು ತಿನ್ನುವವನು ಅವನು, ಮೊದಲು ನೀರು ಕುಡಿಯುವವನೂ ಅವನು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಕುದುರೆಗೆ ಮನೆ ಯಾಕೆ, ಬಯಲಲ್ಲಿ ಹುಟ್ಟಿದ ಪ್ರಾಣಿ ಅಲ್ವಾ ಅಂತ ಕೇಳುವವರಿದ್ದಾರೆ. ಅರ್ಧ ನಿಜ. ಚಳಿಗಾಗಲಿ ಸಣ್ಣ ಜಿನುಗು ಮಳೆಗಾಗಲಿ ಕುದುರೆ ಅಷ್ಟು ಬೇಗ ಸೋಲಲ್ಲ. ಹೊಟ್ಟೆ ತುಂಬ ಒಣಹುಲ್ಲು ಇದ್ದರೆ ಅದು ಅರಗುವಾಗಲೇ ಮೈ ಬೆಚ್ಚಗಾಗುತ್ತದೆ. ಕಷ್ಟ ಇರೋದು ನಮ್ಮ ಏಪ್ರಿಲ್, ಮೇ ತಿಂಗಳ ಹವಾಮಾನದಲ್ಲಿ. ಎರಡು ಗಂಟೆಗೆ ನೆತ್ತಿ ಸುಡುವ ಬಿಸಿಲು. ನಾಲ್ಕಕ್ಕೆ ಮೋಡ ಕಟ್ಟಿ, ಧೂಳೆಬ್ಬಿಸಿ, ಆಲಿಕಲ್ಲು. ಐದಕ್ಕೆ ಮೈ ನಡುಗುವ ತಂಪು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ರೈತರಿಗೆ ಖುಷಿ. ಬಯಲಲ್ಲಿ ಕುದುರೆ ಬಿಟ್ಟವರಿಗೆ ಮಾತ್ರ ಎದೆ ಢವಢವ.

ಜಮೀನಿನ ನಡುವೆ ಒಂದೇ ಒಂದು ಬೇವಿನ ಮರ ಇದೆ. ಗುಡುಗಿದರೆ ಎರಡೂ ಅಲ್ಲಿಗೇ ಓಡುತ್ತಿದ್ದವು. ಬಯಲಿನ ಒಂಟಿ ಮರಕ್ಕೆ ಸಿಡಿಲು ಹೊಡೆದರೆ ಕೆಳಗಿನ ದನಕರು ಉಳಿಯಲ್ಲ. ಅದೇ ಭಯಕ್ಕೆ ಶೆಡ್ ಹಾಕಿಸಲು ಹೊರಟೆ.

ಬಂದವರು ಪೈಪ್, ಶೀಟ್ ಕೆಲಸ ಮಾಡುವವರು. ಹೆಸರು ಹೇಳಲ್ಲ, ಅಂಥವರು ಊರಿಗೆ ಹತ್ತು ಜನ ಇದ್ದಾರೆ. ಕಾರ್ ಪಾರ್ಕಿಂಗ್, ಕೋಳಿ ಫಾರಂ, ಟೆರೇಸ್ ಮೇಲೆ ಶೀಟಿನ ಮಾಡು, ಎಲ್ಲಾ ಮಾಡಿದ್ದೀವಿ ಅಂದರು. ಕುದುರೆಗೆ ಮಾಡಿದ್ದೀರಾ ಅಂತ ನಾನು ಕೇಳಲೇ ಇಲ್ಲ. 10 ಅಡಿಗೆ 15 ಅಡಿ, ಎತ್ತರ ಏಳೂವರೆ ಅಡಿ, ಮೂರು ಕಡೆ ಶೀಟ್. ಮುಂದೆಯೂ ಅರ್ಧ ಮುಚ್ಚಿ ನಾಲ್ಕಡಿ ಬಾಗಿಲು ಬಿಟ್ಟರು. "ಮೇಡಂ, ಕಳ್ಳರ ಕಾಟ ಇರಲ್ಲ ನೋಡಿ" ಅಂದರು. ಬಾಗಿಲು ಪಶ್ಚಿಮಕ್ಕೆ. ಯಾಕೆ ಅಂದರೆ ರೋಡು ಆ ಕಡೆ ಇದೆ, ನೋಡಲು ಚೆನ್ನಾಗಿ ಕಾಣುತ್ತೆ! ಕಂಬ ಒಂದಡಿ ಆಳಕ್ಕೆ ಹೂತು ಸಿಮೆಂಟ್ ಹಾಕಿದರು. ಸಾಕಾ ಅಂತ ಕೇಳಿದ್ದಕ್ಕೆ, "ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ ಮೇಡಂ."

ನಮ್ಮಲ್ಲಿಗೆ ದಿನಾ ಬರುವ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಒಬ್ಬರಿದ್ದಾರೆ. ವಯಸ್ಸಾದವರು, ರೇಸ್ ಕುದುರೆಗಳ ಜೊತೆಯಲ್ಲೇ ಆಯಸ್ಸು ಕಳೆದವರು. ಶೆಡ್ ಸುತ್ತ ಒಂದು ಸುತ್ತು ಹಾಕಿ, ಒಳಗೆ ಹೋಗಿ ಕೈ ಮೇಲೆತ್ತಿದರು. ಬೆರಳು ಶೀಟಿಗೆ ತಾಗಿತು. "ಒಳಗೆ ಹೋಗಲ್ಲ ಅಮ್ಮಾ ಇವು" ಅಂದರು, ಅಷ್ಟೇ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ದಡ್ಡತನ ಇಲ್ಲಿ ಕೇಳಿ. ದಿನಾ ಬೆಳಿಗ್ಗೆ ಹೋಗಿ ನೋಡಿದರೆ ಶೆಡ್ ಒಳಗೆ ಲದ್ದಿ ಇಲ್ಲ, ಗಂಜಳದ ವಾಸನೆ ಇಲ್ಲ. ಹಾಕಿದ ಹೊಟ್ಟು ಹಾಕಿದ ಹಾಗೇ ಇತ್ತು. ಪಾಪ ಎಷ್ಟು ಅಚ್ಚುಕಟ್ಟು ನಮ್ಮ ಕುದುರೆಗಳು ಅಂತ ಮನೆಯಲ್ಲಿ ಹೇಳಿಕೊಂಡು ಓಡಾಡಿದೆ. ಎರಡು ತಿಂಗಳಲ್ಲಿ ಒಂದು ದಿನವೂ ಲದ್ದಿ ಬಿದ್ದಿಲ್ಲ ಅಂದರೆ ಒಂದು ದಿನವೂ ಒಳಗೆ ನಿಂತಿಲ್ಲ ಅಂತ ಅರ್ಥ. ಮಧ್ಯಾಹ್ನ ಆ ಶೀಟಿನ ಕೆಳಗೆ ನಾನೇ ಐದು ನಿಮಿಷ ನಿಂತು ನೋಡಬೇಕಿತ್ತು. ಓವನ್ ಒಳಗೆ ನಿಂತ ಹಾಗೆ. ಬೇವಿನ ನೆರಳು ಬಿಟ್ಟು ಅಲ್ಲಿಗೆ ಯಾರು ಹೋಗುತ್ತಾರೆ?

ಮೇ ಎರಡನೇ ವಾರದಲ್ಲಿ ಒಂದು ಸಂಜೆ ಆಲಿಕಲ್ಲು ಬಿತ್ತು. ಗೋಲಿ ಗಾತ್ರದ್ದು. ಬೆನ್ನಿಗೆ ಹೊಡೆತ ತಡೆಯಲಾರದೆ ಮೊದಲ ಸಲ ಎರಡೂ ಶೆಡ್ ಒಳಗೆ ನುಗ್ಗಿದವು. ನಾನು ಪಂಪ್ ಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸದ್ಯ, ಹೋದವಲ್ಲ ಅಂತ ಉಸಿರು ಬಿಟ್ಟೆ. ಅಷ್ಟರಲ್ಲಿ ಶೀಟಿನ ಮೇಲೆ ಕಲ್ಲಿನ ಸದ್ದು ಶುರುವಾಯಿತು. ಹೊರಗಿದ್ದ ನನಗೇ ಕಿವಿ ಗುಂಯ್ ಅಂದಿತು, ಒಳಗೆ ಹೇಗಿತ್ತೋ. ಭೀಮ ಗಾಬರಿಬಿದ್ದು ತಿರುಗಿದ. ಅವನ ಮೈ ಬಾಗಿಲಿಗೆ ಅಡ್ಡ, ಗೌರಿ ಮೂಲೆಯಲ್ಲಿ. ಅವಳಿಗೆ ಹೊರಗೆ ಬರಲು ದಾರಿಯೇ ಇಲ್ಲ. ಆಗಲೇ ಪಶ್ಚಿಮದ ಗಾಳಿ ಬೀಸಿತು. ಮೂರು ಕಡೆ ಮುಚ್ಚಿದ ಶೆಡ್ಡಿನ ತೆರೆದ ಬಾಯಿಗೆ ಗಾಳಿ ನುಗ್ಗಿದರೆ ಅದು ಚೀಲ ಊದಿದ ಹಾಗೆ. ಹೋಗಲು ಜಾಗವಿಲ್ಲದೆ ಮಾಡನ್ನೇ ಮೇಲೆತ್ತುತ್ತದೆ. ಎರಡು ಶೀಟು ಕಿತ್ತು ಪಟಪಟ ಬಡಿಯಲು ಶುರು. ಮುಂದಿನ ಒಂದು ಕಂಬ ಸಿಮೆಂಟ್ ಗಡ್ಡೆ ಸಮೇತ ಮೇಲೆದ್ದು ಬಂತು. ಆ ಒಂದಡಿ ಗಡ್ಡೆ ಇನ್ನೂ ನನ್ನ ಹತ್ತಿರ ಇದೆ, ಗೇಟಿಗೆ ಆನಿಸಿ ಇಟ್ಟಿದ್ದೇನೆ.

ಭೀಮ ಹಾರಿ ಹೊರಗೆ ಬಂದ. ಗೌರಿ ಹಿಂಗಾಲಲ್ಲಿ ಗೋಡೆಯ ಶೀಟಿಗೆ ಒದ್ದಳು. ಶೀಟು ನೆಲಕ್ಕೆ ಮುಟ್ಟದೆ ಆರಿಂಚು ಮೇಲೆ ನಿಂತಿತ್ತು. ಆ ಸಂದಿಯಲ್ಲಿ ಕಾಲು ಹೋಗಿ, ಎಳೆದುಕೊಂಡಾಗ ಶೀಟಿನ ಅಂಚು ಬ್ಲೇಡಿನ ಹಾಗೆ ಕೊಯ್ದಿತು. ಗೊರಸಿನಿಂದ ಒಂದು ಗೇಣು ಮೇಲೆ, ಚರ್ಮ ಕಾಲುಚೀಲ ಜಾರಿದ ಹಾಗೆ ಕೆಳಗೆ ಇಳಿದಿತ್ತು. ಬಿಳಿ ಆಲಿಕಲ್ಲಿನ ಮೇಲೆ ರಕ್ತ. ಆ ನೋಟ ಇನ್ನೂ ಕಣ್ಣ ಮುಂದೆ ಬರುತ್ತೆ.

ದಾರಿಯಲ್ಲಿ ಮರ ಬಿದ್ದಿದ್ದರಿಂದ ಡಾಕ್ಟರ್ ಬರಲು ಎರಡು ಗಂಟೆ ಆಯಿತು. ಅಷ್ಟು ಹೊತ್ತು ಸೈಸ್ ತಮ್ಮ ಪಂಚೆಯನ್ನೇ ಹರಿದು ಗಾಯಕ್ಕೆ ಒತ್ತಿ ಕಟ್ಟಿ, ಗೋಣಿಚೀಲದಲ್ಲಿ ಗೌರಿಯ ಮೈ ಉಜ್ಜುತ್ತಾ ಕೂತಿದ್ದರು. 14 ಹೊಲಿಗೆ. ಜೊತೆಗೆ ಟೆಟನಸ್ ಇಂಜೆಕ್ಷನ್. ಕುದುರೆಗೆ ಧನುರ್ವಾಯು ಬೇಗ ತಗಲುತ್ತದೆ, ಆ ಲಸಿಕೆ ಬಾಕಿ ಇಟ್ಟುಕೊಂಡಿದ್ದರೆ ನಾಳೆಯೇ ಹಾಕಿಸಿ. ಕಾಲಿನ ಕೆಳಭಾಗದ ಗಾಯ ಕುದುರೆಯಲ್ಲಿ ಸುಲಭಕ್ಕೆ ಮಾಯಲ್ಲ, ಗಾಯದಿಂದ ಮಾಂಸ ಉಬ್ಬಿ ಹೊರಗೆ ಬೆಳೆಯುತ್ತದೆ. ನಮಗೂ ಹಾಗೇ ಆಯಿತು. ಬ್ಯಾಂಡೇಜ್ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಎರಡು ತಿಂಗಳು.

ಶೆಡ್ ಹಾಕಿದವರಿಗೆ ಫೋನ್ ಮಾಡಿದೆ. ಗಾಳಿ ದೇವರದ್ದು ಅಂದರು. ವಾರಂಟಿ ಇದೆ ಅಂದಿದ್ದರಲ್ಲ ಅಂತ ಬಿಲ್ ತೆಗೆದು ನೋಡಿದರೆ, ಇದ್ದದ್ದು ಶೀಟಿನ ಬಣ್ಣಕ್ಕೆ.

ಅಲ್ಲಿಗೂ ನಾನು ಬುದ್ಧಿ ಕಲಿಯಲಿಲ್ಲ. ಮಳೆಗಾಲ ಕಳೆಯಲಿ ಅಂತ ಉಳಿದ ಕಂಬಗಳಿಗೆ ನೀಲಿ ಟಾರ್ಪಾಲ್ ಕಟ್ಟಿಸಿದೆ. ಅದು ಗಾಳಿಗೆ ಬಡಿದುಕೊಂಡರೆ ಕುದುರೆಗಳು ಹೊಲದ ಆ ತುದಿಗೆ. ಜೊತೆಗೆ ಶೆಡ್ ಇದ್ದದ್ದು ತಗ್ಗಿನಲ್ಲಿ, ಕೆಸರು ಒಣಗಲೇ ಇಲ್ಲ. ಜುಲೈ ಹೊತ್ತಿಗೆ ಭೀಮನ ಬೆನ್ನ ಮೇಲೆ ಸಣ್ಣ ಸಣ್ಣ ಹಕ್ಕಳೆ. ಕಿತ್ತರೆ ಕೂದಲು ಬ್ರಷ್ಷಿನ ಹಾಗೆ ಗೊಂಚಲಾಗಿ ಬರುತ್ತಿತ್ತು. ಮೈ ಸದಾ ಒದ್ದೆ ಇದ್ದರೆ ಬರುವ ಬ್ಯಾಕ್ಟೀರಿಯಾ ಕಾಯಿಲೆ ಅದು. ಹೊಂಗೆ ಎಣ್ಣೆ ಹಚ್ಚಿ ಅಂದವರು ತುಂಬ ಜನ. ಡಾಕ್ಟರ್ ಬೇಡ ಅಂದರು, ಮೊದಲು ಮೈ ಒಣಗಬೇಕು, ಎಣ್ಣೆ ತೇವವನ್ನು ಒಳಗೇ ಹಿಡಿದಿಡುತ್ತೆ ಅಂತ. ಗೊರಸಿನ ಅಡಿಯಲ್ಲಿ ಕಪ್ಪಾಗಿ ಕೊಳೆತು ನಾರುವುದೂ ಆಗಲೇ ಶುರುವಾಯಿತು.

ಸೆಪ್ಟೆಂಬರಿನಲ್ಲಿ ಹೊಸದಾಗಿ ಕಟ್ಟಿಸಿದೆವು. ಈ ಸಲ ಸೈಸ್ ಹೇಳಿದ ಹಾಗೆ. ಜಾಗ ಏರಿನ ಮೇಲೆ, ಬೇವಿನಿಂದ ದೂರ. ಉದ್ದ 24 ಅಡಿ, ಅಗಲ 12. ಎತ್ತರ ಮುಂದೆ 11, ಹಿಂದೆ 9. ನಮ್ಮ ಕುದುರೆಗಳು ಹೆಗಲ ಹತ್ತಿರವೇ ಐದೂಕಾಲು ಅಡಿ, ಗಾಬರಿಯಲ್ಲಿ ತಲೆ ಎತ್ತಿದರೆ ಎಂಟಡಿ ಮುಟ್ಟುತ್ತವೆ. ಏಳೂವರೆ ಅಡಿ ಕಾರಿಗೆ ಸರಿ. ಕಂಬಗಳು ಮೂರಡಿ ಆಳಕ್ಕೆ. ಬೆನ್ನು ಪಶ್ಚಿಮಕ್ಕೆ, ಯಾಕೆಂದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಹೆಚ್ಚಾಗಿ ಆ ಕಡೆಯಿಂದ. ಹಿಂಗಾರು ಈಶಾನ್ಯದಿಂದ ಬರುತ್ತದಲ್ಲ, ಅದಕ್ಕೆ ಮುಂದಿನ ಮಾಡನ್ನು ಮೂರಡಿ ಇಳಿಬಿಟ್ಟಿದ್ದೇವೆ. ಪಕ್ಕದ ಗೋಡೆ ಅರ್ಧ ಮಾತ್ರ. ಪೂರ್ವದ ಕಡೆ ಪೂರ್ತಿ ಖಾಲಿ, ಬಾಗಿಲಿಲ್ಲ, ಗೇಟಿಲ್ಲ. ಭೀಮ ಒಂದು ತುದಿಯಲ್ಲಿ ನಿಂತು ಕಿವಿ ಹಿಂದಕ್ಕೆ ಮಡಚಿದರೆ ಗೌರಿ ಇನ್ನೊಂದು ತುದಿಯಿಂದ ಹೊರಗೆ ಹೋಗಬಹುದು. ಹುಲ್ಲು ಎರಡು ತುದಿಗೂ ಬೇರೆ ಬೇರೆ. ಒಳಗೆ ಐದಡಿ ಎತ್ತರದವರೆಗೆ ಸಿಲ್ವರ್ ಓಕ್ ಹಲಗೆ, ನೆಲಕ್ಕೆ ಮುಟ್ಟುವ ಹಾಗೆ. ಶೀಟಿನ ಅಂಚು ಎಲ್ಲೂ ಕುದುರೆಯ ಕಡೆಗಿಲ್ಲ. ನೆಲಕ್ಕೆ ಜಲ್ಲಿ, ಮೇಲೆ ಗ್ರಾವೆಲ್ ಮಣ್ಣು, ಸುತ್ತಲಿಗಿಂತ ಮುಕ್ಕಾಲಡಿ ಎತ್ತರ.

ಮಾಡಿಗೆ ಶೀಟೇ. ಅದರ ಮೇಲೆ ತೆಂಗಿನ ಗರಿ ಎರಡು ಪದರ ಹೊದಿಸಿ, ಕತ್ತದ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ, ಅಡ್ಡಕ್ಕೆ ಬಿದಿರು ಬಿಗಿದಿದ್ದೇವೆ. ಬಿಸಿಲಿಗೂ ಆಯಿತು, ಮಳೆ ಸದ್ದಿಗೂ ಆಯಿತು. ವರ್ಷಕ್ಕೊಮ್ಮೆ ಗರಿ ಬದಲಾಯಿಸಬೇಕು, ಅಷ್ಟೇ. ಈ ಉಪಾಯಕ್ಕೆ ಸೈಸ್ ಕೇಳಿದ್ದು ಒಂದು ಹೊಸ ಪಂಚೆ.

ಮೊದಲ ಹತ್ತು ದಿನ ಎರಡೂ ಹತ್ತಿರ ಬಂದು ಮೂಸಿ ವಾಪಸ್ ಹೋದವು. ನಾವು ಬಲವಂತ ಮಾಡಲಿಲ್ಲ, ಹುರುಳಿ ಅಲ್ಲೇ ಇಡುತ್ತಿದ್ದೆವು. ಹನ್ನೊಂದನೇ ದಿನ ರಾತ್ರಿ ಜೋರು ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ಎರಡು ತುದಿಯಲ್ಲೂ ಲದ್ದಿ. ಗುಡಿಸಲು ಅರ್ಧ ಗಂಟೆ ಹಿಡಿಯಿತು.