ಸಿಸಿಕ್ಯಾಶ್ ವಿಮರ್ಶೆ: ಫೋಲ್ಡರ್ ಬದಲಾದರೆ ಕ್ಯಾಶ್ ಕೈಕೊಡುವುದೇಕೆ?

ಒಮ್ಮೆ ಕಂಪೈಲ್ ಮಾಡಿದ ಸಿ, ಸಿ++ ಕೋಡಿನ ಫಲಿತಾಂಶವನ್ನು ಕೂಡಿಟ್ಟು, ಅದೇ ಕೆಲಸ ಮತ್ತೆ ಬಂದಾಗ ಹಳೆಯದನ್ನೇ ಕೊಡುವ ಸಲಕರಣೆ ಸಿಸಿಕ್ಯಾಶ್. ಬಿಲ್ಡ್ ಕಮಾಂಡುಗಳನ್ನು ತಯಾರಿಸಿಕೊಡುವ ಸಿಮೇಕ್‌ನಲ್ಲಿ ಕಂಪೈಲರ್ ಲಾಂಚರ್ ಅಂತ ಅದರ ಹೆಸರು ಕೊಟ್ಟರೆ ಸಾಕು, ಬಿಲ್ಡ್ ಫೋಲ್ಡರ್ ಅಳಿಸಿ ಮತ್ತೆ ಕಟ್ಟಿದಾಗ ಹಳೆಯ ಆಬ್ಜೆಕ್ಟ್ ಫೈಲುಗಳೇ ಕ್ಷಣದಲ್ಲಿ ವಾಪಸ್ ಬರುತ್ತವೆ. ಒಂದೇ ಫೋಲ್ಡರಿನಲ್ಲಿ ಕೆಲಸ ಮಾಡುವವರೆಗೆ ದೂರುವುದಕ್ಕೆ ಏನೂ ಇಲ್ಲ. ಗಿಟ್ ವರ್ಕ್‌ಟ್ರೀ (ಅದೇ ರೆಪೊಸಿಟರಿಯ ಇನ್ನೊಂದು ಕೆಲಸದ ಫೋಲ್ಡರ್) ಮಾಡಿ ಅದೇ ಕೋಡನ್ನು ಪಕ್ಕದ ಫೋಲ್ಡರಿನಲ್ಲಿ ಬಿಲ್ಡ್ ಮಾಡಿ ನೋಡಿ: ಬಹುತೇಕ ಎಲ್ಲವೂ ಮಿಸ್, ಅಂದರೆ ಕ್ಯಾಶ್‌ನಲ್ಲಿ ಸಿಗದೆ ಹೊಸದಾಗಿ ಕಂಪೈಲ್ ಆಗುತ್ತವೆ.

ತಪ್ಪು ಸಿಸಿಕ್ಯಾಶ್‌ನದಲ್ಲ. ಸಿಮೇಕ್ ಸೋರ್ಸ್ ಫೈಲಿಗೂ ಹೆಡರ್ ಫೋಲ್ಡರುಗಳಿಗೂ ಆಬ್ಸೊಲ್ಯೂಟ್ ಪಾಥ್ (ರೂಟ್‌ನಿಂದ ಶುರುವಾಗುವ ಪೂರ್ಣ ವಿಳಾಸ) ಕೊಡುತ್ತದೆ. ಆ ಪಾಥ್ ಕಮಾಂಡಿನಲ್ಲಿರುತ್ತದೆ, ಪ್ರಿಪ್ರೊಸೆಸರ್ ಹೊರಹಾಕುವ ಸಾಲುಗುರುತುಗಳಲ್ಲೂ ಇರುತ್ತದೆ. ಸಿಸಿಕ್ಯಾಶ್ ಇವೆಲ್ಲದರಿಂದ ಒಂದು ಹ್ಯಾಶ್, ಅಂದರೆ ಗುರುತುಸಂಖ್ಯೆ, ಲೆಕ್ಕ ಹಾಕಿ ಕ್ಯಾಶ್‌ನಲ್ಲಿ ಹುಡುಕುತ್ತದೆ; ಫೋಲ್ಡರಿನ ಹೆಸರು ಬದಲಾದೊಡನೆ ಅದು ಬೇರೆಯಾಗುತ್ತದೆ. ಸಿಮೇಕ್‌ನಂಥದೇ ಇನ್ನೊಂದು ಸಲಕರಣೆಯಾದ ಮೆಸನ್ ಬಳಸುವವರಿಗೆ ಈ ತೊಡಕು ಅಷ್ಟಿಲ್ಲ, ಅದು ಬಿಲ್ಡ್ ಫೋಲ್ಡರಿನಿಂದ ಲೆಕ್ಕ ಹಾಕಿದ ರಿಲೇಟಿವ್ ಪಾಥನ್ನೇ ಕೊಡುತ್ತದೆ.

ಇದಕ್ಕೆ ಸಿಸಿಕ್ಯಾಶ್ ಇಟ್ಟಿರುವ ಮದ್ದು ಬೇಸ್-ಡಿರ್ ಎಂಬ ಸೆಟ್ಟಿಂಗ್. ಎಲ್ಲ ವರ್ಕ್‌ಟ್ರೀಗಳೂ ಇರುವ ಮೇಲಿನ ಫೋಲ್ಡರನ್ನು ಅಲ್ಲಿ ಬರೆದರೆ, ಅದರಿಂದ ಶುರುವಾಗುವ ಆಬ್ಸೊಲ್ಯೂಟ್ ಪಾಥ್‌ಗಳನ್ನು ಸಿಸಿಕ್ಯಾಶ್ ತಾನೇ ರಿಲೇಟಿವ್ ಮಾಡುತ್ತದೆ. ಸೋಮಾರಿತನಕ್ಕೆ ಬರಿಯ ರೂಟ್ ಸ್ಲ್ಯಾಶ್ ಬರೆದುಬಿಡಬೇಡಿ, ಸಿಸ್ಟಮ್ ಹೆಡರುಗಳ ಪಾಥ್ ಕೂಡ ತಿರುಚಿಕೊಳ್ಳುತ್ತದೆ. ಎರಡೂ ಕಡೆ ಬಿಲ್ಡ್ ಫೋಲ್ಡರ್ ಒಂದೇ ಆಳದಲ್ಲಿರಬೇಕು. ಒಂದರಲ್ಲಿ ಸೋರ್ಸಿನ ಒಳಗೆ, ಇನ್ನೊಂದರಲ್ಲಿ ಹೊರಗೆ ಇಟ್ಟರೆ ರಿಲೇಟಿವ್ ಪಾಥ್‌ಗಳೇ ಹೊಂದುವುದಿಲ್ಲ.

ಇಷ್ಟು ಮಾಡಿಯೂ ಡಿಬಗ್ ಬಿಲ್ಡ್ ಮಿಸ್ ಆಗುತ್ತಲೇ ಇರುತ್ತದೆ. ಹೆಚ್ಚಿನವರು ಕೈಬಿಡುವುದು ಇಲ್ಲೇ. ಡಿಬಗ್ ಮಾಹಿತಿಯಲ್ಲಿ ಕಂಪೈಲ್ ಮಾಡಿದ ಫೋಲ್ಡರಿನ ಪೂರ್ಣ ಪಾಥ್ ಬರೆದಿರುತ್ತದೆ, ಸೋರ್ಸ್ ಪಾಥ್ ರಿಲೇಟಿವ್ ಆಗಿದ್ದರೂ ಅಷ್ಟೇ. ಹಾಗಾಗಿ ಸಿಸಿಕ್ಯಾಶ್ ಆ ಫೋಲ್ಡರನ್ನೂ ಹ್ಯಾಶ್‌ಗೆ ಸೇರಿಸುತ್ತದೆ. ಮೆಸನ್‌ನವರೂ ಮುಗ್ಗರಿಸುವುದು ಈ ಕಲ್ಲಿಗೇ. ಹ್ಯಾಶ್-ಡಿರ್ ಆಯ್ಕೆಯನ್ನು ಆಫ್ ಮಾಡಿದರೆ ಹಿಟ್ ಸಿಗುತ್ತದೆ ನಿಜ, ಆದರೆ ಡಿಬಗರ್ ಬೇರೆ ವರ್ಕ್‌ಟ್ರೀಯ ಸೋರ್ಸ್ ತೆರೆದು ತೋರಿಸಬಹುದು. ಇದು ಹಿಟ್ ಇಲ್ಲದ್ದಕ್ಕಿಂತ ಕೆಟ್ಟದ್ದು.

ಸರಿಯಾದ ದಾರಿ ಕಂಪೈಲರಿನ ಫೈಲ್-ಪ್ರಿಫಿಕ್ಸ್-ಮ್ಯಾಪ್, ಅಂದರೆ ಪಾಥ್‌ನ ಮೊದಲ ಭಾಗವನ್ನು ಬೇರೆ ಹೆಸರಿಗೆ ಬದಲಿಸಿ ಬರೆಯುವ ಆಯ್ಕೆ. ಇದು ಜಿಸಿಸಿ 8ರಿಂದ, ಕ್ಲ್ಯಾಂಗ್ 10ರಿಂದ ಇದೆ. ವರ್ಕ್‌ಟ್ರೀಯ ಪಾಥನ್ನು ಒಂದು ಸ್ಥಿರವಾದ ಹುಸಿ ಹೆಸರಿಗೆ, ಉದಾಹರಣೆಗೆ '/ಪ್ರಾಜೆಕ್ಟ್'ಗೆ, ಮ್ಯಾಪ್ ಮಾಡಿ. ಬೇಸ್-ಡಿರ್ ಜತೆ ಇದೂ ಇದ್ದರೆ ಸಿಸಿಕ್ಯಾಶ್ ಫೋಲ್ಡರಿನ ನಿಜ ಹೆಸರನ್ನು ಹ್ಯಾಶ್‌ಗೆ ಸೇರಿಸುವುದಿಲ್ಲ. ಬಿಲ್ಡ್ ಫೋಲ್ಡರ್ ಸೋರ್ಸಿನ ಹೊರಗಿದ್ದರೆ ಅದಕ್ಕೂ ಪ್ರತ್ಯೇಕ ಮ್ಯಾಪ್ ಬೇಕು. ಜಿಡಿಬಿ ಡಿಬಗರಿನಲ್ಲಿ ಸಬ್‌ಸ್ಟಿಟ್ಯೂಟ್-ಪಾಥ್ ಬಳಸಿ ಹುಸಿ ಹೆಸರನ್ನು ನಿಜವಾದ ಜಾಗಕ್ಕೆ ತಿರುಗಿಸಿಕೊಳ್ಳಿ.

ಅಡ್ಡಪರಿಣಾಮಗಳೂ ಇವೆ. ಸಿ ಭಾಷೆಯ ಫೈಲ್ ಮ್ಯಾಕ್ರೋ (__FILE__) ಈಗ ರಿಲೇಟಿವ್ ಪಾಥ್ ಕೊಡುತ್ತದೆ. ಅದನ್ನೇ ನಂಬಿ ಟೆಸ್ಟ್ ಡೇಟಾ ತೆರೆಯುವ ಕೋಡ್ ಬೇರೆ ಫೋಲ್ಡರಿನಿಂದ ಓಡಿಸಿದಾಗ ಮುರಿದುಬೀಳುತ್ತದೆ. ಎರರ್ ಸಂದೇಶದ ಮೇಲೆ ಕ್ಲಿಕ್ ಮಾಡಿದರೆ ಎಡಿಟರಿಗೆ ಫೈಲ್ ಸಿಗದೇ ಹೋಗಬಹುದು. ಎರರ್ ಸಾಲುಗಳಲ್ಲಿ ಮಾತ್ರ ಆಬ್ಸೊಲ್ಯೂಟ್ ಪಾಥ್ ತೋರಿಸುವ ಆಯ್ಕೆ ಸಿಸಿಕ್ಯಾಶ್‌ನಲ್ಲೇ ಇದೆ, ಆನ್ ಮಾಡಿಕೊಳ್ಳಿ. ಬೇಸ್-ಡಿರ್ ಮುಟ್ಟಲಾಗದ ಜಾಗಗಳು ಎರಡಿವೆ: ಕಮಾಂಡಿನಲ್ಲಿ ಮ್ಯಾಕ್ರೋ ಆಗಿ ಕೊಟ್ಟ ಪಾಥ್, ಸಿಮೇಕ್ ತಯಾರಿಸಿದ ಕಾನ್ಫಿಗ್ ಹೆಡರಿನೊಳಗೆ ಅಕ್ಷರಶಃ ಕೂತಿರುವ ಪಾಥ್. ಅಂಥ ಒಂದೇ ಹೆಡರನ್ನು ಎಲ್ಲ ಫೈಲುಗಳೂ ಸೇರಿಸಿಕೊಂಡಿದ್ದರೆ ಮೇಲಿನ ಸರ್ಕಸ್ಸೆಲ್ಲ ದಂಡ. ಮೊದಲು ಅದನ್ನು ಬೇರ್ಪಡಿಸಿ, ಬೇಕಾದ ಒಂದೆರಡು ಫೈಲುಗಳಿಗಷ್ಟೇ ಉಳಿಸಿ.

ಪರೀಕ್ಷಿಸುವುದು ಸುಲಭ. ಮೊದಲ ವರ್ಕ್‌ಟ್ರೀಯಲ್ಲಿ ಬಿಲ್ಡ್ ಮುಗಿಸಿ, ಅಂಕಿಅಂಶ ಸೊನ್ನೆ ಮಾಡಿ, ಎರಡನೆಯದರಲ್ಲಿ ಬಿಲ್ಡ್ ಮಾಡಿ ಹಿಟ್ ಎಣಿಕೆ ನೋಡಿ. ಮಿಸ್ ಉಳಿದರೆ ಸಿಸಿಕ್ಯಾಶ್‌ನದೇ ಡಿಬಗ್ ಆಯ್ಕೆ ಹಾಕಿ: ಹ್ಯಾಶ್‌ಗೆ ಏನೇನು ಹೋಯಿತು ಎಂಬುದನ್ನು ಪ್ರತಿ ಆಬ್ಜೆಕ್ಟಿನ ಪಕ್ಕ ಫೈಲಾಗಿ ಬರೆದಿಡುತ್ತದೆ. ಎರಡು ಕಡೆಯ ಫೈಲುಗಳನ್ನು ಡಿಫ್ ಮಾಡಿದರೆ ಕಳ್ಳ ಪಾಥ್ ಸಿಕ್ಕಿಬೀಳುತ್ತದೆ. ಈ ಸಲಕರಣೆಯಲ್ಲಿ ಅತ್ಯಂತ ಮೆಚ್ಚಬೇಕಾದ ಭಾಗ ಇದೇ.

ಸದಾ ಒಂದೇ ಪಾಥ್‌ನಲ್ಲಿ ಮೌಂಟ್ ಆಗುವ ಕಂಟೇನರಿನಲ್ಲಷ್ಟೇ ಬಿಲ್ಡ್ ಮಾಡುವವರಿಗೆ ಇದೆಲ್ಲ ಮೂಗಿಗಿಂತ ಮೂಗುತಿ ಭಾರ. ಅವರು ಆಬ್ಸೊಲ್ಯೂಟ್ ಪಾಥನ್ನೇ ಇಟ್ಟುಕೊಂಡು, ಕ್ಯಾಶ್ ಗಾತ್ರದ 5 ಜಿಬಿಯ ಡೀಫಾಲ್ಟ್ ಮಿತಿಯನ್ನು ಮಾತ್ರ ಏರಿಸಿಕೊಂಡರೆ ಸಾಕು.