ಆರು ಬೆಲ್ಟುಗಳಿಗೆ ಜೋತುಬಿದ್ದ ಮೂರು ಸೈಕಲ್

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಸೈಕಲ್‌ಗಳಿಗೆ ಪ್ರವೇಶವಿಲ್ಲ. ನಮ್ಮ ಮನೆಯ ಮೂರು ಸೈಕಲ್‌ಗಳು ಮಾತ್ರ ದಸರಾ ರಜೆಯಲ್ಲಿ ಅದೇ ಪಥದಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿಬಂದವು, ಕಾರಿನ ಬೆನ್ನಿಗೆ ಜೋತುಬಿದ್ದು. ಅವನ್ನು ಹೊತ್ತದ್ದು ಡಿಕ್ಕಿಯ ಬಾಗಿಲಿಗೆ ಬೆಲ್ಟುಗಳಿಂದ ಬಿಗಿಯುವ ರ‍್ಯಾಕ್. ಕೊಟ್ಟದ್ದು 4,200 ರೂಪಾಯಿ. ಆಮೇಲೆ ಇನ್ನೂ ಮೂರು ಸಲ ಬಳಸಿದ್ದೇವೆ.

‘ಯಾವ ಕಾರಿಗಾದರೂ ಸರಿ, ಐದೇ ನಿಮಿಷದ ಕೆಲಸ ಮೇಡಂ’ ಎಂದಿದ್ದರು ಅಂಗಡಿಯವರು. ಮೊದಲ ದಿನ ನಮಗೆ ಹಿಡಿದದ್ದು ಒಂದು ಗಂಟೆ ಹತ್ತು ನಿಮಿಷ. ಮೇಲಕ್ಕೆ ಎರಡು, ಕೆಳಕ್ಕೆ ಎರಡು, ಪಕ್ಕಕ್ಕೆ ಒಂದೊಂದು, ಹೀಗೆ ಒಟ್ಟು ಆರು ಬೆಲ್ಟು. ಪ್ರತಿಯೊಂದರ ತುದಿಯ ಕೊಕ್ಕೆಯೂ ತಗಡಿನ ಅಂಚನ್ನೇ ಹಿಡಿಯಬೇಕು. ನಮ್ಮ ಕಾರಿನ ಹಿಂಬಾಗಿಲ ನೆತ್ತಿಯಲ್ಲಿ ಪ್ಲಾಸ್ಟಿಕ್ ಸ್ಪಾಯ್ಲರ್ ಇದೆ. ಅದಕ್ಕೆ ಕೊಕ್ಕೆ ಸಿಕ್ಕಿಸಿದರೆ ಮೊದಲ ಹಂಪ್‌ನಲ್ಲೇ ಕಿತ್ತುಬರುತ್ತಿತ್ತೇನೋ. ಡಿಕ್ಕಿ ತೆರೆದು, ಬೆರಳಿನಿಂದ ತಡವಿ, ಒಳಗಿನ ತಗಡನ್ನು ಹುಡುಕಿಕೊಂಡೆವು. ರ‍್ಯಾಕ್‌ನ ಮೆತ್ತೆ ಕೂರುವ ಜಾಗವನ್ನು ಒರೆಸದೆ ಬಿಟ್ಟದ್ದು ನನ್ನ ತಪ್ಪು. ಧೂಳು ಉಜ್ಜಿ ಬಣ್ಣದ ಮೇಲೆ ರೂಪಾಯಿ ಅಗಲದ ಮಂಕು ಕಲೆ ಬಿದ್ದಿದೆ.

ಪೆಟ್ಟಿಗೆಯ ಮೇಲೆ 45 ಕಿಲೊ ಎಂಬ ಮಿತಿ ಇದೆ. ಸೈಕಲ್ ಹಿಡಿದು ತೂಕದ ಯಂತ್ರದ ಮೇಲೆ ನಿಂತು, ನನ್ನ ತೂಕವನ್ನು ಕಳೆದು ಲೆಕ್ಕ ಹಾಕಿದೆ: ಯಜಮಾನರ ಗೇರ್ ಸೈಕಲ್ 14, ಮಗನ 20 ಇಂಚು ಗಾಲಿಯದು 11, ಬುಟ್ಟಿ ಸಮೇತ ನನ್ನ ಲೇಡೀಸ್ ಸೈಕಲ್ 17. ಅತಿ ಭಾರದ್ದು ಕಾರಿಗೆ ಹತ್ತಿರ, ಹಗುರದ್ದು ಹೊರತುದಿಗೆ. ಹಾಗಾಗಿ ಮೊದಲು ಏರಬೇಕಾದದ್ದು ನನ್ನದೇ. ಅಲ್ಲಿಯೇ ಅಂಗಡಿಯವರು ಹೇಳದ ಸಂಗತಿ ಹೊರಬಿತ್ತು. ಈ ರ‍್ಯಾಕ್‌ನ ಎರಡು ತೋಳುಗಳು ಸೈಕಲ್ಲಿನ ಬಾರ್ ಅನ್ನು ನಂಬಿಕೊಂಡಿವೆ. ಬಾರ್ ಇಲ್ಲದ ಲೇಡೀಸ್ ಸೈಕಲ್ ಮೂಗು ಮೇಲೆತ್ತಿಕೊಂಡು ವಾಲಿ ನೇತಾಡುತ್ತದೆ, ಪೆಡಲ್ ಬಂಪರ್‌ಗೆ ಒದೆಯುತ್ತದೆ. ಸೀಟಿಗೂ ಹ್ಯಾಂಡಲ್ಲಿಗೂ ನಡುವೆ ಸಿಕ್ಕಿಸುವ ಕಂಬಿಯೊಂದು ಬೇರೆಯಾಗಿ ಸಿಗುತ್ತದೆ. ಅದಕ್ಕೆ ಇನ್ನೊಂದು 900 ರೂಪಾಯಿ. ಮಾರುವಾಗಲೇ ‘ಮನೆಯಲ್ಲಿ ಲೇಡೀಸ್ ಸೈಕಲ್ ಇದೆಯೇ’ ಎಂದು ಕೇಳಲು ಎಷ್ಟು ಹೊತ್ತು ಬೇಕಿತ್ತು?

ಹೊರಟು ಹದಿನೈದು ಕಿಲೊಮೀಟರಾದ ಮೇಲೆ ಬಿಡದಿಯ ಹತ್ತಿರ ನಿಲ್ಲಿಸಿ ನೋಡಿದರೆ, ಕಲ್ಲಿನಂತೆ ಬಿಗಿದಿದ್ದ ಮೇಲಿನ ಬೆಲ್ಟುಗಳಲ್ಲಿ ಎರಡು ಬೆರಳು ತೂರುವಷ್ಟು ಸಡಿಲ. ಹೊಸ ಬೆಲ್ಟು ಭಾರಕ್ಕೆ ಹಿಗ್ಗುತ್ತದೆ, ಮೆತ್ತೆಯೂ ಅಮರುತ್ತದೆ. ಮತ್ತೆ ಬಿಗಿದ ಮೇಲೆ ಕದಲಲಿಲ್ಲ. ಆ ಹದಿನೈದು ಕಿಲೊಮೀಟರಿನ ನಿಲುಗಡೆಯನ್ನು ನಾವು ಈಗಲೂ ತಪ್ಪಿಸುವುದಿಲ್ಲ. ಕಾರುಗಳಿಗೆ ಅಲ್ಲಿ ಗಂಟೆಗೆ 100 ಕಿಲೊಮೀಟರ್ ಮಿತಿಯಿದ್ದರೂ ರ‍್ಯಾಕ್‌ನ ಕೈಪಿಡಿ 80 ದಾಟಬೇಡಿ ಎನ್ನುತ್ತದೆ. ಎಡಕ್ಕೇ ಅಂಟಿಕೊಂಡು ಹೋದೆವು.

ಹಸಿವಾದಾಗ ಇನ್ನೊಂದು ಪಾಠವಾಯಿತು. ರ‍್ಯಾಕ್ ಕಟ್ಟಿದ ಮೇಲೆ ಡಿಕ್ಕಿ ತೆರೆಯುವಂತಿಲ್ಲ. ಮೊಸರನ್ನದ ಡಬ್ಬಿ ಇದ್ದದ್ದು ಡಿಕ್ಕಿಯಲ್ಲಿ. ಮಗ ಹಿಂದಿನ ಸೀಟಿನ ಮೇಲಿಂದ ತಲೆಕೆಳಗಾಗಿ ಇಳಿದು ತೆಗೆದುಕೊಟ್ಟ.

ಶ್ರೀರಂಗಪಟ್ಟಣದಲ್ಲಿ ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದರು. ಅವರ ಕಾಲದಲ್ಲಿ ಸೈಕಲ್ ಊರೂರಿಗೆ ಹೋಗುತ್ತಿದ್ದದ್ದು ಬಸ್ಸಿನ ಟಾಪ್ ಮೇಲೆ. ಕ್ಲೀನರ್ ಹುಡುಗ ಎರಡೇ ನಿಮಿಷದಲ್ಲಿ ಹಗ್ಗ ಬಿಗಿದು ಏಣಿ ಇಳಿಯುತ್ತಿದ್ದನಂತೆ. ‘ಬೆಲ್ಟು ಚೆನ್ನಾಗಿದೆ, ಆದರೆ ಸೈಕಲ್‌ಗಳು ಒಂದಕ್ಕೊಂದು ಗುದ್ದಾಡುತ್ತಿವೆಯಲ್ಲಮ್ಮ’ ಎಂದರು. ನಿಜವೇ, ಹ್ಯಾಂಡಲ್ ತಿರುಗಿ ಯಜಮಾನರ ಸೈಕಲ್ಲಿನ ಫ್ರೇಮ್ ಗೀಚಿತ್ತು. ಮರಳುವಾಗ ಅಪ್ಪ ಹಳೆಯ ಟ್ಯೂಬ್ ಸೀಳಿ ಮುಂದಿನ ಗಾಲಿಗಳನ್ನು ಫ್ರೇಮಿಗೆ, ಮೂರೂ ಸೈಕಲ್‌ಗಳನ್ನು ಒಂದಕ್ಕೊಂದು ಕಟ್ಟಿಕೊಟ್ಟರು. ರ‍್ಯಾಕ್ ಜೊತೆ ಬಂದ ರಬ್ಬರ್ ಪಟ್ಟಿಗಳಲ್ಲಿ ಎರಡು ಆಗಲೇ ತುಂಡಾಗಿವೆ. ಟ್ಯೂಬ್ ಇನ್ನೂ ಗಟ್ಟಿಯಾಗಿದೆ.

ಕೊಳ್ಳುವವರು ಹಿಂದೆ ನಿಂತು ಎರಡು ಕಡೆ ನೋಡಿ. ಒಂದು, ನಂಬರ್ ಪ್ಲೇಟ್. ಅದು ಮರೆಯಾಗುವಂತಿಲ್ಲ. ತೋಳುಗಳನ್ನು ಒಂದು ಹಲ್ಲು ಮೇಲೇರಿಸಿದ ಮೇಲೆ ನಮ್ಮದು ಕಾಣಿಸಿತು, ಬಲಗಡೆಯ ದೀಪ ಮಾತ್ರ ಅರ್ಧ ಮುಚ್ಚಿಯೇ ಇತ್ತು. ಅದಕ್ಕೇ ಕತ್ತಲಾದ ಮೇಲೆ ಓಡಿಸುವುದಿಲ್ಲ. ಇನ್ನೊಂದು, ಸೈಲೆನ್ಸರ್. ಅದರ ಬಿಸಿಗಾಳಿಗೆ ನೇರವಾಗಿ ಟೈರ್ ನೇತಾಡಿದರೆ ರಬ್ಬರ್ ಉಳಿಯುವುದಿಲ್ಲ. ಬೀಗದ ವ್ಯವಸ್ಥೆ ಇದರಲ್ಲಿ ಇಲ್ಲವೇ ಇಲ್ಲ. ಕಾಫಿಗೆ ನಿಂತಾಗ ಒಬ್ಬರು ಕಾರಿನ ಬಳಿಯೇ ಇರಬೇಕು.

ಇಷ್ಟೆಲ್ಲ ದೂರಿದರೂ ಹಿಂದಿರುಗಿಸಿಲ್ಲ. ಬೆಳಗಿನ ಆರೂವರೆಗೆ ಗುಂಬಜ್‌ನಿಂದ ಸಂಗಮದವರೆಗೆ ನಮ್ಮದೇ ಸೈಕಲ್‌ಗಳಲ್ಲಿ ಮೂವರೂ ಹೋದೆವು; ಬಾಡಿಗೆ ಸೈಕಲ್ಲಿನ ಸವೆದ ಬ್ರೇಕಿನ ಚಿಂತೆ ಇರಲಿಲ್ಲ. ಈಗ ಕಟ್ಟಲು ಹದಿನೆಂಟು ನಿಮಿಷ ಸಾಕು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಂಬಿಯನ್ನು ಜೊತೆಗೇ ಕೊಟ್ಟಿದ್ದರೆ ನಾಲ್ಕು.

ಬರುವ ವರ್ಷ ಮಗನಿಗೆ 24 ಇಂಚಿನದು ಬೇಕು. ಆಗ ತೂಕ 45 ದಾಟುತ್ತದೆ. ಯಾವುದು ಮನೆಯಲ್ಲಿ ಉಳಿಯಬೇಕು ಎಂಬ ಮಾತು ಈಗಲೇ ಎದ್ದಿದೆ, ಯಜಮಾನರು, ಮಗ ಇಬ್ಬರೂ ನನ್ನ ಬುಟ್ಟಿ ಸೈಕಲ್ಲಿನ ಕಡೆಗೇ ನೋಡುತ್ತಿದ್ದಾರೆ.