ಕೌದಿಯ ಒಳಗೆ ಏನು ಹಾಕಬೇಕು? ಹಳೆ ಸೀರೆ, ಸೊಲ್ಲಾಪುರ ಚಾದರ, ಫೈಬರ್ ಶೀಟ್

ಕೌದಿ ಅಂದರೆ ಬಟ್ಟೆಯ ಪದರಗಳನ್ನು ಕೂಡಿಸಿ ಹೊಲಿದ ಹೊದಿಕೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ನಮ್ಮ ಕೌದಿ ಗುಂಪಿನಲ್ಲಿ ಈಗ ಎಲ್ಲರ ಕೈಯಲ್ಲೂ ಒಂದೊಂದು ಕೆಲಸ ನಡೆದಿದೆ. ಒಬ್ಬ ವೈನಿ (ಅತ್ತಿಗೆ) ಮೊಮ್ಮಗನಿಗೆ ಕೂಸಿನ ಕೌದಿ ಹೊಲಿಯುತ್ತಿದ್ದಾರೆ. ಗುಂಪಿನಲ್ಲೇ ಹಿರಿಯರಾದ ಆಯಿ ತಮ್ಮ ಯಜಮಾನರ ಧೋತರಗಳನ್ನು ಕೂಡಿಸಿ ದೊಡ್ಡದೊಂದು ಹಾಸಿದ್ದಾರೆ. ಕಾಲೇಜಿಗೆ ಹೋಗುವ ಹುಡುಗಿ ಮಷಿನ್ ಮೇಲೆ ಹೊಲಿದು ಮಾರಬೇಕು ಅಂತಿದ್ದಾಳೆ. ಮೇಲಿನ ಚಿಂದಿಯ ಬಣ್ಣ, ವಿನ್ಯಾಸದ ಬಗ್ಗೆ ಎಲ್ಲರೂ ಗಂಟೆಗಟ್ಟಲೆ ಮಾತಾಡುತ್ತೇವೆ. ಆದರೆ ಕೌದಿ ಬೆಚ್ಚಗಿರುತ್ತದೋ, ತೊಳೆಯಲು ಬರುತ್ತದೋ, ಕೈಗೆ ಸುಖವೋ ಅನ್ನುವುದನ್ನೆಲ್ಲ ನಿರ್ಧಾರ ಮಾಡುವುದು ಒಳಗಿನ ಪದರ. ಅದಕ್ಕೇ ನಾನು ಒಂದೇ ಅಳತೆಯ ಸಣ್ಣ ಕೌದಿಗಳನ್ನು ಬೇರೆ ಬೇರೆ ಒಳಪದರ ಹಾಕಿ ಹೊಲಿದೆ, ಮನೆಯಲ್ಲಿ ಎಲ್ಲರಿಗೂ ಹೊದೆಯಲು ಕೊಟ್ಟೆ, ತೊಳೆದೆ, ಒಣಗಿಸಿದೆ.

ಮೊದಲು ಹಳೆ ನೂಲಿನ ಸೀರೆ. ನಮ್ಮ ಕಡೆ ಹದಿನೆಂಟು ಮೊಳದ ಸೀರೆ ಉಟ್ಟವರ ಮನೆಯಲ್ಲಿ ಇದಕ್ಕೆ ಬರವಿಲ್ಲ. ಲೆಕ್ಕವೂ ಸುಲಭ: ಹದಿನೆಂಟು ಮೊಳ ಅಂದರೆ 9 ಗಜ, ಅಂದರೆ 27 ಅಡಿ. 6 ಅಡಿಗೆ ಒಂದರಂತೆ ಕತ್ತರಿಸಿದರೆ ನಾಲ್ಕು ಪದರ ಸಿಗುತ್ತವೆ, ಮೇಲೆ 3 ಅಡಿ ಉಳಿಯುತ್ತದೆ, ಅದು ಅಂಚಿನ ಪಟ್ಟಿಗೆ ಆಯಿತು. ವರ್ಷಗಟ್ಟಲೆ ಒಗೆದ ಅರಿವೆ ಅಲ್ವಾ, ಗಂಜಿ ಹೋಗಿದೆ, ಕುಗ್ಗುವಷ್ಟು ಕುಗ್ಗಿದೆ, ಬಿಡುವ ಬಣ್ಣವನ್ನೂ ಬಿಟ್ಟಾಗಿದೆ. ಸಾದಾ ಸೂಜಿ ಸಲೀಸಾಗಿ ಹೋಗುತ್ತದೆ. ಒಂದೇ ಸಲಕ್ಕೆ ಐದಾರು ಹೊಲಿಗೆ ಏರಿಸಿಕೊಂಡು ಎಳೆಯಬಹುದು, ಸಾಲು ನೇರವಾಗಿ ಬರುತ್ತದೆ. ಪದರಗಳು ಒಂದಕ್ಕೊಂದು ಅಂಟಿಕೊಂಡಂತೆ ಕೂರುತ್ತವೆ, ಜಾರುವುದಿಲ್ಲ. ಒಂದು ಎಚ್ಚರಿಕೆ ಬೇಕು: ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನೆರಿಗೆ ಬರುವ ಜಾಗ, ಕೆಳಗಿನ ಅಂಚು ಸವೆದಿರುತ್ತವೆ. ಅಂಥ ಭಾಗವನ್ನು ತೆಗೆದುಹಾಕಿ, ಇಲ್ಲಾಂದ್ರೆ ಮೇಲಿನ ತೇಪೆ ಗಟ್ಟಿ ಇದ್ದರೂ ಒಳಗಿಂದ ಹರಿಯುತ್ತದೆ.

ಎರಡನೆಯದು ಹಳೆ ಸೊಲ್ಲಾಪುರ ಚಾದರ. ನಮ್ಮ ಜಿಲ್ಲೆಯ ಹೆಮ್ಮೆ ಅದು, ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಸರ್ಕಾರಿ ಗುರುತು) ಇರುವ ಬಟ್ಟೆ, ಜಕಾರ್ಡ್ ಮಗ್ಗದಲ್ಲಿ ನೇಯ್ದದ್ದು, ಎಷ್ಟು ಒಗೆದರೂ ಗಟ್ಟಿ. ಬೆಚ್ಚಗೆ ಇರುವುದರಲ್ಲಿ ಇದನ್ನು ಮೀರಿಸಿದ್ದು ಯಾವುದೂ ಇಲ್ಲ. ಸಂಕ್ರಾಂತಿಯ ಸಿದ್ದರಾಮೇಶ್ವರ ಜಾತ್ರೆಯ ಹೊತ್ತಿನ ಚಳಿಗೆ ಇದೊಂದೇ ಸಾಕು. ಆದರೆ ಹೊಲಿಯುವುದು ಕಷ್ಟ. ಸಾದಾ ಸೂಜಿ ಬಾಗುತ್ತದೆ, ದಪ್ಪ ಸೂಜಿಯೇ ಬೇಕು, ಒಂದೊಂದೇ ಹೊಲಿಗೆ ಚುಚ್ಚಿ ತೆಗೆಯಬೇಕು, ಹೊಲಿಗೆ ಉದ್ದುದ್ದ ಬೀಳುತ್ತದೆ, ಹಿಂದಿನ ಬದಿಯಲ್ಲಿ ಸಾಲು ಸೊಟ್ಟಗಾಗುತ್ತದೆ. ಒದ್ದೆಯಾದಾಗಲಂತೂ ಒಬ್ಬರ ಕೈಯಲ್ಲಿ ಎತ್ತಿ ಹಿಂಡಲಾಗದು. ಆಯಿ ಧೋತರದ ಕೆಳಗೆ ಇದನ್ನೇ ಹಾಕಬೇಕೆಂದಿದ್ದರು. ನನ್ನ ಸಣ್ಣ ಕೌದಿಯ ಮೇಲೆ ನಾಲ್ಕು ಹೊಲಿಗೆ ಹಾಕಿ ನೋಡಿ, "ಯವ್ವಾ, ನನ್ನ ಬೆರಳಿಗೆ ಇದು ಆಗೂದಿಲ್ಲ" ಅಂತ ಸೀರೆಗೆ ಬದಲಾಯಿಸಿದರು. ಒಳ್ಳೆಯ ನಿರ್ಧಾರ.

ಫೈಬರ್ ಶೀಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೊಸಬರೆಲ್ಲ ಇದನ್ನೇ ಕೇಳುತ್ತಾರೆ. ಇದು ಪಾಲಿಯೆಸ್ಟರ್ ಎಳೆಗಳ ಮೆತ್ತನೆಯ ಹಾಳೆ. ಹಗುರ, ಉಬ್ಬಿಕೊಂಡಿರುತ್ತದೆ, ಹೊಲಿಗೆ ಒಳಗೆ ಇಳಿದು ಚಿತ್ತಾರ ಎದ್ದು ಕಾಣುತ್ತದೆ. ತೊಳೆದು ಹಾಕಿದರೆ ಬೇಗ ಒಣಗುತ್ತದೆ. ನೋಡಲು ಚೆಂದ, ಅದನ್ನು ಒಪ್ಪುತ್ತೇನೆ. ಆದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇದನ್ನು ಹಾಸಿ ಮಲಗಿದರೆ ಬೆನ್ನು ಬೆವರಿ ನಿದ್ದೆ ಹತ್ತುವುದಿಲ್ಲ. ಸೀರೆಯ ಕೌದಿ ಬೇಸಿಗೆಗೆ ಹಾಸಲು, ಚಳಿಗೆ ಹೊದೆಯಲು ಎರಡಕ್ಕೂ ಬರುತ್ತದೆ. ಇನ್ನೊಂದು, ಬಟ್ಟೆ ತೆಳ್ಳಗಿದ್ದರೆ ಬಿಳಿ ಎಳೆಗಳು ಹೊರಗೆ ಬರುತ್ತವೆ, ಕಪ್ಪು ಅಥವಾ ಕಡುನೀಲಿ ತುಂಡಿನ ಮೇಲೆ ಎದ್ದು ಕಾಣುತ್ತವೆ. ಬಿಸಿ ಇಸ್ತ್ರಿ ತಾಗಿದರೆ ಶೀಟ್ ಚಪ್ಪಟೆಯಾಗಿ ಕುಗ್ಗುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಹೊಲಿಯುವ ದಿಕ್ಕು. ನಮ್ಮ ಹಿರಿಯರು ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಯೂ ಹೀಗೇ ಅಂಚಿನಿಂದ ಒಳಕ್ಕೆ ಹೋಗುತ್ತದೆ, ಮೂಲೆಗಳಿಗೆ ಅವರು ಮಡಚಿದ ತುಂಡುಗಳ 'ಫೂಲ' ಇಟ್ಟು ಮುಗಿಸುವುದು ಎಷ್ಟು ಚೆಂದ! ಸೀರೆಯ ಪದರ ಚಪ್ಪಟೆ ಇರುವುದರಿಂದ ಈ ಕ್ರಮ ನಡೆಯುತ್ತದೆ. ಫೈಬರ್ ಶೀಟಿಗೆ ಇದು ಹೊಂದುವುದಿಲ್ಲ. ಉಬ್ಬೆಲ್ಲ ನಡುವಿಗೆ ಸರಿದು ಗುಡ್ಡದಂತೆ ನಿಲ್ಲುತ್ತದೆ. ಅದನ್ನು ನಡುವಿನಿಂದ ಹೊರಕ್ಕೆ ಹೊಲಿಯಬೇಕು, ಸಾಲಿಗೂ ಸಾಲಿಗೂ ಅಂಗೈ ಅಗಲಕ್ಕಿಂತ ಜಾಸ್ತಿ ಅಂತರ ಬಿಡಬಾರದು, ಇಲ್ಲಾಂದ್ರೆ ಒಗೆದಾಗ ಒಳಗೆ ಮುದ್ದೆಯಾಗುತ್ತದೆ. ಕಾಲೇಜು ಹುಡುಗಿ ಮಷಿನ್ ಮೇಲೆ ಹೀಗೇ ಮಾಡುತ್ತಿದ್ದಾಳೆ, ಅವಳ ಕೆಲಸ ಅಚ್ಚುಕಟ್ಟಾಗಿ ಬರುತ್ತಿದೆ.

ಅರಳೆ ತುಂಬಿಸುವ ಮಾತು ಬೇಡ. ಅದು ಗಾದಿ, ರಜಾಯಿಗೆ ಸರಿ. ನೀರು ಬಿದ್ದರೆ ಗಂಟು ಕಟ್ಟುತ್ತದೆ.

ಮೇಲಿನ ಚಿಂದಿಗೂ ಒಳಪದರಕ್ಕೂ ಸಂಬಂಧ ಇದೆ. ಸೊಲ್ಲಾಪುರದಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಯುವ ಕೆಲಸ ದೊಡ್ಡದು, ಅಲ್ಲಿನ ಕಟ್‌ಪೀಸ್ ಸುಲಭವಾಗಿ ಸಿಗುತ್ತವೆ. ಅದು ಹೆಚ್ಚಾಗಿ ಟೆರಿಕಾಟ್ (ಪಾಲಿಯೆಸ್ಟರ್, ಹತ್ತಿ ಬೆರೆತ ಬಟ್ಟೆ), ಬಣ್ಣ ಬಿಡುವುದಿಲ್ಲ, ಆದರೆ ಕೈಸೂಜಿಗೆ ಬಿಗಿ. ಫೈಬರ್ ಶೀಟ್ ಮೇಲೆ ಮಷಿನ್ ಹೊಲಿಗೆಗೆ ಅದು ಒಳ್ಳೆ ಜೋಡಿ. ಸೀರೆಯ ಒಳಪದರಕ್ಕೆ ಮೇಲೂ ನೂಲಿನದೇ ಇರಲಿ, ದಾರವೂ ಹತ್ತಿಯದೇ ಇರಲಿ. ಇಲ್ಲಾಂದ್ರೆ ಮೇಲಿನದು ಗಟ್ಟಿ, ಒಳಗಿನದು ಮೆತ್ತಗೆ ಆಗಿ ಸುಮ್ನೆ ಜಗ್ಗಾಟ.

ಮನೆಯಲ್ಲಿ ದಿನಾ ಬಳಸುವುದಕ್ಕೆ ನನ್ನ ಆಯ್ಕೆ ಹಳೆ ಸೀರೆಯೇ. ಮಾರಲು ಅಥವಾ ಉಡುಗೊರೆ ಕೊಡಲು ಬೇಕಿದ್ದು, ಮಷಿನ್ ಇದ್ದರೆ ಫೈಬರ್ ಶೀಟ್ ತಗೊಳ್ಳಿ. ಚಾದರವನ್ನು ಕತ್ತರಿಸದೆ ಹಾಗೇ ಹೊದೆಯಿರಿ, ಅದಕ್ಕೆ ಮೇಲೊಂದು ಹೊದಿಕೆ ಬೇಕಿಲ್ಲ. ಕೂಸಿನ ಕೌದಿ ಹೊಲಿಯುತ್ತಿರುವ ವೈನಿಗೂ ಮೂರು ಪದರ ಸೀರೆ ಸಾಕು ಅಂದಿದ್ದೇನೆ. ಮೇಲೆ ಹೊಸ ಕೆಂಪು ಖಣದ ತುಂಡು ಇಟ್ಟಿದ್ದಾರೆ, ಅದನ್ನು ಮಾತ್ರ ಮೊದಲು ಒಂದು ರಾತ್ರಿ ಬೇರೆಯಾಗಿ ನೀರಲ್ಲಿ ನೆನೆಸಿ ಬಣ್ಣ ಬಿಡುತ್ತದೋ ಅಂತ ನೋಡಬೇಕು.